ಪಟಿಕದ ಒಂಟಿ ಹರಳು: ಒಮ್ಮೆ ಬೀಜ ಕರಗುತ್ತದೆ, ಒಮ್ಮೆ ತಳದಲ್ಲಿ ಗೊಂಚಲು ಕಟ್ಟುತ್ತದೆ. ಯಾಕೆ?

ಎಂಟನೇಬೆಂಚು

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಒಂಬತ್ತನೇ ತರಗತಿ ಮಕ್ಕಳು ವಿಜ್ಞಾನ ವಸ್ತುಪ್ರದರ್ಶನಕ್ಕೆ ಪಟಿಕದ ಒಂದೇ ಒಂದು ದೊಡ್ಡ, ತಿಳಿಯಾದ ಹರಳು ಬೆಳೆಸಬೇಕೆಂದಿದ್ದಾರೆ. ಊರು ರಾಯಚೂರು. ಪ್ರಯೋಗಾಲಯದಲ್ಲಿ ಬೆಳಗಿನ ಜಾವ 26 ಡಿಗ್ರಿ, ಮಧ್ಯಾಹ್ನ 33 ಡಿಗ್ರಿ ಇರುತ್ತದೆ.

ಈಗ ಮಾಡುತ್ತಿರುವುದು ಹೀಗೆ: 500 ಮಿಲಿ ನೀರು ಕಾಯಿಸಿ, 100 ಗ್ರಾಂ ಪಟಿಕದ ಪುಡಿ ಕರಗಿಸಿ, ಗಾಜಿನ ಜಾಡಿಗೆ ಸೋಸಿ, ಹೊಲಿಗೆ ದಾರಕ್ಕೆ ಕಟ್ಟಿದ ಬೀಜದ ಹರಳನ್ನು ಇಳಿಬಿಡುವುದು. ಮೂರು ಜಾಡಿಯಲ್ಲಿ ಮೂರು ಥರ ಆಯಿತು. ಮೊದಲನೆಯದರಲ್ಲಿ ದ್ರಾವಣ ಇನ್ನೂ ಬೆಚ್ಚಗಿತ್ತು, ಬೀಜ ಮಾಯವಾಗಿ ಬರೀ ದಾರ ಉಳಿಯಿತು. ಎರಡನೆಯದರಲ್ಲಿ ಪೂರ್ತಿ ಆರಿದ ಮೇಲೆ ಬಿಟ್ಟೆವು. ಬೆಳಿಗ್ಗೆ ನೋಡಿದರೆ ತಳದ ತುಂಬ ಸಣ್ಣ ಹರಳು, ದಾರದುದ್ದಕ್ಕೂ ಗೊಂಚಲು. ಮೂರನೆಯದರಲ್ಲಿ ಹರಳೇನೋ ಬೆಳೆಯಿತು, ಆದರೆ ಒಳಗೆಲ್ಲ ಮಂಕು ಬಿಳಿ.

ಅಳತೆ ಎಲ್ಲಿ ತಪ್ಪಿದೆ? ನಿಯಂತ್ರಣದಲ್ಲಿ ಇಡಬೇಕಾದ್ದು ಯಾವುದನ್ನು? ಪ್ರದರ್ಶನಕ್ಕೆ ಇನ್ನೊಂದು ತಿಂಗಳಿದೆ. ಬರೀ ಹರಳು ತೋರಿಸುವುದಲ್ಲ, ಅದು ಹೇಗೆ ಬೆಳೆಯುತ್ತದೆ ಅಂತ ಮಕ್ಕಳು ವಿವರಿಸಬೇಕು.

---

ಹರಳುಕಟ್ಟು

ಮೇಡಂ, ನಿಮ್ಮ ಮೊದಲ ಎರಡು ತೊಂದರೆಗೆ ಮೂಲ ಒಂದೇ. ಲೆಕ್ಕ ಹಾಕಿದರೆ ತಾನಾಗಿ ಕಾಣುತ್ತದೆ.

ಪೊಟ್ಯಾಶ್ ಪಟಿಕ 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ ಸುಮಾರು 11 ಗ್ರಾಂ, 30 ಡಿಗ್ರಿಗೆ 17 ಗ್ರಾಂ, 40 ಡಿಗ್ರಿಗೆ 24 ಗ್ರಾಂ, 60 ಡಿಗ್ರಿಗೆ 57 ಗ್ರಾಂ ಕರಗುತ್ತದೆ. ನೀವು ಹಾಕಿದ್ದು 100 ಮಿಲಿಗೆ 20 ಗ್ರಾಂ. ಆ ದ್ರಾವಣ ಪರ್ಯಾಪ್ತವಾಗುವುದು, ಅಂದರೆ ಇನ್ನು ಕರಗಿಸಿಕೊಳ್ಳಲಾರದಷ್ಟು ತುಂಬುವುದು, ಹೆಚ್ಚುಕಡಿಮೆ 35 ಡಿಗ್ರಿಗೆ. ಅದಕ್ಕಿಂತ ಬಿಸಿ ಇರುವಾಗ ಬೀಜ ಬಿಟ್ಟರೆ ದ್ರಾವಣಕ್ಕೆ ಇನ್ನೂ ಕರಗಿಸಿಕೊಳ್ಳುವ ಶಕ್ತಿ ಇರುತ್ತದೆ, ಬೀಜವನ್ನು ತಿಂದುಬಿಡುತ್ತದೆ. ಅದೇ ದ್ರಾವಣ ಬೆಳಗಿನ ಜಾವ 26ಕ್ಕೆ ಇಳಿದಾಗ 500 ಮಿಲಿ ಹಿಡಿದಿಟ್ಟುಕೊಳ್ಳಬಲ್ಲದ್ದು 72 ಗ್ರಾಂ ಮಾತ್ರ. ಉಳಿದ 28 ಗ್ರಾಂ ಒಂದೇ ರಾತ್ರಿಯಲ್ಲಿ ಎಲ್ಲಾದರೂ ಕೂರಲೇಬೇಕು. ಒಂದು ಪುಟ್ಟ ಬೀಜ ಅಷ್ಟನ್ನು ಅಷ್ಟು ಬೇಗ ತೆಗೆದುಕೊಳ್ಳಲಾರದು, ಹಾಗಾಗಿ ತಳದಲ್ಲಿ, ದಾರದ ಎಳೆಗಳಲ್ಲಿ ಹೊಸ ಹರಳು ಹುಟ್ಟುತ್ತವೆ.

ನಿಮ್ಮ ಊರಿನ ತಾಪಮಾನದಲ್ಲಿ ಒಂದು ಡಿಗ್ರಿ ಏರಿದರೆ 500 ಮಿಲಿ ದ್ರಾವಣ ಸುಮಾರು 3 ಗ್ರಾಂ ಹೆಚ್ಚು ಕರಗಿಸಿಕೊಳ್ಳುತ್ತದೆ. ಅಂಚು 1 ಸೆಂ.ಮೀ. ಇರುವ ಅಷ್ಟಮುಖಿ ಹರಳಿನ ತೂಕ 1 ಗ್ರಾಮಿಗಿಂತ ಕಡಿಮೆ. ಅಂದರೆ ಒಂದೇ ಒಂದು ಡಿಗ್ರಿಯ ಏರಿಕೆ ಅಂಥ ಮೂರು ಹರಳನ್ನು ನುಂಗಬಹುದು. ನಿಮ್ಮಲ್ಲಿ ದಿನಕ್ಕೆ 7 ಡಿಗ್ರಿ ಏರಿಳಿತ. ಆದ್ದರಿಂದ ಮೊದಲು ಸರಿಮಾಡಬೇಕಾದ್ದು ತಾಪಮಾನವನ್ನು.

ಮೀನು ಸಾಗಿಸುವ ದಪ್ಪ ಥರ್ಮಾಕೋಲ್ ಪೆಟ್ಟಿಗೆ ಒಂದು ತನ್ನಿ, 40–50 ಲೀಟರಿನದು. ಜಾಡಿಯನ್ನು ನಡುವೆ ಇಟ್ಟು ಸುತ್ತ ನೀರು ತುಂಬಿದ ಬಾಟಲಿಗಳನ್ನು ಒತ್ತೊತ್ತಾಗಿ ಜೋಡಿಸಿ, ಒಟ್ಟು 12 ಲೀಟರ್ ನೀರಾದರೂ ಇರಲಿ. ಮುಚ್ಚಳ ಹಾಕಿ, ಕಿಟಕಿಯಿಂದ ದೂರ, ನೆಲದ ಮೇಲೆ ಇಡಿ. ಹೊರಗಿನ 7 ಡಿಗ್ರಿ ಏರಿಳಿತ ಒಳಗೆ ಒಂದೂವರೆ–ಎರಡು ಡಿಗ್ರಿಗೆ ಇಳಿಯುತ್ತದೆ. ಬರೀ ಬಕೆಟ್ ನೀರಿನಲ್ಲಿ ಇಟ್ಟರೆ ಇಷ್ಟು ಸಿಗುವುದಿಲ್ಲ.

ಇನ್ನು ದ್ರಾವಣ. ಕೋಷ್ಟಕ ನೋಡಿ ತೂಕ ಹಾಕುವುದಕ್ಕಿಂತ ಪಟಿಕದಿಂದಲೇ ಅಳತೆ ಮಾಡಿಸುವುದು ಖಚಿತ. 500 ಮಿಲಿಗೆ 100 ಗ್ರಾಂ ಬಿಸಿಯಲ್ಲಿ ಕರಗಿಸಿ, ಆರಿದ ಮೇಲೆ ಒಂದು ಚಿಟಿಕೆ ಪಟಿಕದ ಪುಡಿ ಉದುರಿಸಿ, ಅದೇ ಪೆಟ್ಟಿಗೆಯೊಳಗೆ ಎರಡು ದಿನ ಬಿಡಿ. ದಿನಕ್ಕೆ ಮೂರು ನಾಲ್ಕು ಸಲ ಕಲಕಿ. ಹೆಚ್ಚುವರಿಯೆಲ್ಲ ತಳಕ್ಕೆ ಇಳಿದು, ಮೇಲಿನ ತಿಳಿ ಆ ಪೆಟ್ಟಿಗೆಯ ತಾಪಮಾನಕ್ಕೆ ಸರಿಯಾಗಿ ಪರ್ಯಾಪ್ತವಾಗಿರುತ್ತದೆ. ತಿಳಿಯನ್ನು ಬಗ್ಗಿಸಿ, ಸೋಸುವ ಕಾಗದದಲ್ಲಿ ಸೋಸಿ. ಈಗ ಅದಕ್ಕೆ 5 ಗ್ರಾಂ ಪಟಿಕ ಮಾತ್ರ ಸೇರಿಸಿ 50 ಡಿಗ್ರಿಗೆ ಕಾಯಿಸಿ, ಹತ್ತು ಹದಿನೈದು ನಿಮಿಷ ಆ ಬಿಸಿಯಲ್ಲೇ ಇಡಿ. ಕಣ್ಣಿಗೆ ಕಾಣದ ಕಣಗಳೂ ಕರಗಬೇಕು, ಅದಕ್ಕೇ ಈ ಕಾಯುವಿಕೆ. ಮುಚ್ಚಿ ಆರಿಸಿ, ಪೆಟ್ಟಿಗೆಯ ತಾಪಮಾನಕ್ಕೆ ಬಂದ ಮೇಲೆ ಬೀಜ ಇಳಿಬಿಡಿ. ಈ 5 ಗ್ರಾಂ ನಿಮಗೆ ಕೊಡುವುದು ಎರಡು ಡಿಗ್ರಿಗಿಂತ ತುಸು ಕಡಿಮೆ ರಕ್ಷಣೆ. ಪೆಟ್ಟಿಗೆ ಇಲ್ಲದೆ ಇದು ಸಾಲುವುದಿಲ್ಲ.

ಬೀಜಕ್ಕೆ 100 ಮಿಲಿ ಬಿಸಿನೀರಿನಲ್ಲಿ 20 ಗ್ರಾಂ ಕರಗಿಸಿ ಅಗಲ ಗಾಜಿನ ತಟ್ಟೆಗೆ ಸುರಿದು ಬಟ್ಟೆ ಮುಚ್ಚಿಡಿ. ಮರುದಿನ 3–5 ಮಿ.ಮೀ. ಹರಳುಗಳಿರುತ್ತವೆ. ಒಂದಕ್ಕೊಂದು ಅಂಟಿಲ್ಲದ, ಮುಖಗಳು ಚೂಪಾಗಿ ಕಾಣುವ ಒಂದನ್ನು ಚಿಮುಟದಿಂದ ಎತ್ತಿಕೊಳ್ಳಿ. ಹೊಲಿಗೆ ದಾರ ಬೇಡ, ಅದರ ಒಂದೊಂದು ನೂಲಿನ ಎಳೆಯೂ ಹೊಸ ಹರಳು ಹುಟ್ಟುವ ಜಾಗ. ಗಾಳಕ್ಕೆ ಬಳಸುವ ಸಣ್ಣ ನೈಲಾನ್ ದಾರ ಒಳ್ಳೆಯದು. ಗಂಟು ನಿಲ್ಲದಿದ್ದರೆ ದಾರದ ತುದಿಗೆ ಫೆವಿಕ್ವಿಕ್ ಸೂಜಿಮೊನೆಯಷ್ಟು ಸೋಕಿಸಿ ಅಂಟಿಸಿ. ಇಳಿಬಿಡುವ ಮುಂಚೆ ಬೀಜವನ್ನು ಸಾದಾ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಮೈಗಂಟಿದ ಪುಡಿ ಹೋಗುತ್ತದೆ. ಆ ಪುಡಿಯೇ ಆಮೇಲೆ ತಳದ ಗೊಂಚಲಿಗೆ ಬೀಜವಾಗುವುದು.

ಬೀಜ ಬಿಟ್ಟ ತಕ್ಷಣ ಒಂದು ಪರೀಕ್ಷೆ ಮಾಡಿ. ಜಾಡಿಯ ಹಿಂದೆ ಒಂದು ಪಕ್ಕದಿಂದ ಟಾರ್ಚ್ ಹಿಡಿದು ಬೀಜದ ಸುತ್ತ ದಿಟ್ಟಿಸಿ ನೋಡಿದರೆ ದ್ರಾವಣದಲ್ಲಿ ನವಿರಾದ ಅಲುಗುವ ಗೆರೆಗಳು ಕಾಣುತ್ತವೆ. ಗೆರೆಗಳು ಬೀಜದಿಂದ ಕೆಳಕ್ಕೆ ಇಳಿಯುತ್ತಿದ್ದರೆ ಅದು ಕರಗುತ್ತಿದೆ, ಕರಗಿ ಭಾರವಾದ ದ್ರಾವಣ ಕೆಳಗೆ ಜಾರುತ್ತಿದೆ. ಮೇಲಕ್ಕೆ ಏರುತ್ತಿದ್ದರೆ ಬೆಳೆಯುತ್ತಿದೆ, ಪಟಿಕ ಬಿಟ್ಟುಕೊಟ್ಟು ಹಗುರಾದ ದ್ರಾವಣ ಮೇಲೇಳುತ್ತಿದೆ. ಕೆಳಕ್ಕೆ ಇಳಿಯುವುದು ಕಂಡರೆ ಕೂಡಲೇ ಬೀಜ ಎತ್ತಿ, ದ್ರಾವಣಕ್ಕೆ ಇನ್ನೆರಡು ಗ್ರಾಂ ಸೇರಿಸಿ ಮತ್ತೆ ಕಾಯಿಸಿ ಆರಿಸಿ.

ಎರಡು ಮೂರು ದಿನಕ್ಕೊಮ್ಮೆ ಹರಳನ್ನು ಹೊರತೆಗೆದು ಟಿಶ್ಯೂ ಕಾಗದದಲ್ಲಿ ಒತ್ತಿ ಒರೆಸಿ, ದ್ರಾವಣ ಸೋಸಿ, ಹರಳು ತೆಗೆದುಕೊಂಡಷ್ಟು ಪಟಿಕ (ಹೊಸ ತೂಕದಿಂದ ಹಳೆಯದನ್ನು ಕಳೆದರೆ ಸಿಗುತ್ತದೆ) ಸೇರಿಸಿ, ಕಾಯಿಸಿ, ಆರಿಸಿ, ಮತ್ತೆ ಇಳಿಬಿಡಿ. ತಳದಲ್ಲಿ ಒಂದೇ ಒಂದು ಬೇರೆ ಹರಳು ಕಂಡರೂ ಇದೇ ಕೆಲಸ, ಯಾಕೆಂದರೆ ಇರುವ ಹೆಚ್ಚುವರಿಯಲ್ಲಿ ಅದೂ ಪಾಲು ಕೇಳುತ್ತದೆ. ಅಂಚು 3 ಸೆಂ.ಮೀ. ಇರುವ ಹರಳಿನ ತೂಕ 22 ಗ್ರಾಂ. ಒಂದು ಸುತ್ತಿನಲ್ಲಿ 3–4 ಗ್ರಾಂ ಲೆಕ್ಕ ಹಿಡಿದರೆ ಆರೇಳು ಸುತ್ತು, ಮೂರು ವಾರದೊಳಗೆ ಮುಗಿಯುತ್ತದೆ. ಪೆಟ್ಟಿಗೆ ಇವತ್ತೇ ಹುಡುಕಿ.

---

ಜಾಲಕ

ಮೇಲಿನ ಲೆಕ್ಕಕ್ಕೆ ನನ್ನ ಪೂರ್ತಿ ಒಪ್ಪಿಗೆ. ಮಕ್ಕಳು ವಿವರಿಸಬೇಕು ಅಂದಿರಲ್ಲ ಮೇಡಂ, ಆ ಭಾಗ ನಾನು ಬರೆಯುತ್ತೇನೆ.

ಹುಟ್ಟುವುದು ಬೇರೆ, ಬೆಳೆಯುವುದು ಬೇರೆ. ಇದನ್ನು ಮೊದಲು ಮಕ್ಕಳಿಗೆ ಬಿಡಿಸಿ ಹೇಳಿ. ದ್ರಾವಣದಲ್ಲಿ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಗುಂಪುಗೂಡುವುದು, ಚದುರುವುದು ನಡೆದೇ ಇರುತ್ತದೆ. ಸಣ್ಣ ಗುಂಪಿನಲ್ಲಿ ಒಳಗಿರುವ ಕಣಗಳಿಗಿಂತ ಮೇಲ್ಮೈಯಲ್ಲಿರುವವೇ ಜಾಸ್ತಿ, ಅವಕ್ಕೆ ಹಿಡಿತ ಕಡಿಮೆ, ಹಾಗಾಗಿ ಗುಂಪು ಒಡೆದುಹೋಗುತ್ತದೆ. ಒಂದು ನಿರ್ಣಾಯಕ ಗಾತ್ರ ದಾಟಿದ ಗುಂಪು ಮಾತ್ರ ಉಳಿದು ಬೆಳೆಯುತ್ತದೆ. ದ್ರಾವಣ ಹೆಚ್ಚು ಅತಿಪರ್ಯಾಪ್ತವಾದಷ್ಟೂ (ಅಂದರೆ ಪರ್ಯಾಪ್ತ ಮಿತಿಗಿಂತ ಹೆಚ್ಚು ಪಟಿಕ ಹಿಡಿದಿಟ್ಟುಕೊಂಡಷ್ಟೂ) ಈ ಗಾತ್ರ ಚಿಕ್ಕದಾಗುತ್ತದೆ, ದಾಟುವುದು ಸುಲಭವಾಗುತ್ತದೆ. ಧೂಳು, ಗಾಜಿನ ಗೀರು, ನೂಲಿನ ಎಳೆ ಇದ್ದರೆ ಗುಂಪಿಗೆ ಆಸರೆ ಸಿಕ್ಕಿ ಇನ್ನೂ ಸುಲಭ. ಅಂದರೆ ಪರ್ಯಾಪ್ತ ಸ್ಥಿತಿಗೂ ತಾನಾಗಿ ಹರಳು ಹುಟ್ಟುವ ಸ್ಥಿತಿಗೂ ನಡುವೆ ಒಂದು ಪಟ್ಟಿ ಇದೆ. ದ್ರಾವಣ ಆ ಪಟ್ಟಿಯೊಳಗೆ ಇದ್ದರೆ ಈಗಾಗಲೇ ಇರುವ ಹರಳು ಬೆಳೆಯುತ್ತದೆ, ಹೊಸದು ಹುಟ್ಟುವುದಿಲ್ಲ. ಒಂಟಿ ಹರಳು ಬೆಳೆಸುವ ಕಸುಬೆಲ್ಲ ಆ ಪಟ್ಟಿಯೊಳಗೆ ಉಳಿಯುವುದರಲ್ಲಿದೆ. 26 ಡಿಗ್ರಿಯಲ್ಲಿ ನಿಮ್ಮ ಎರಡನೇ ಜಾಡಿ ಶೇ. 39ರಷ್ಟು ಅತಿಪರ್ಯಾಪ್ತವಾಗಿತ್ತು. ಹರಳುಕಟ್ಟು ಅವರ ವಿಧಾನದಲ್ಲಿ ಶೇ. 6.

ಬೆಳವಣಿಗೆ ಪದರ ಪದರವಾಗಿ ಆಗುತ್ತದೆ. ನಯವಾದ ಮುಖದ ಮೇಲೆ ಬಂದು ಬಿದ್ದ ಕಣಕ್ಕೆ ಹಿಡಿತ ಒಂದೇ ಕಡೆ, ಮತ್ತೆ ಜಾರಿಹೋಗುತ್ತದೆ. ಅರ್ಧ ಮುಗಿದ ಪದರದ ಮೆಟ್ಟಿಲಿಗೆ ಬಂದು ಸೇರಿದರೆ ಎರಡು ಮೂರು ಕಡೆಯಿಂದ ಹಿಡಿತ ಸಿಗುತ್ತದೆ, ಅಲ್ಲೇ ಕೂರುತ್ತದೆ. ಪದರ ಮುಗಿದು ಮುಖ ನಯವಾದ ಮೇಲೆ ಹೊಸ ಮೆಟ್ಟಿಲು ಎಲ್ಲಿಂದ ಬರಬೇಕು? ಸಿದ್ಧಾಂತದ ಪ್ರಕಾರ ಅದಕ್ಕೆ ಬಹಳ ಹೆಚ್ಚಿನ ಅತಿಪರ್ಯಾಪ್ತತೆ ಬೇಕು, ಆದರೆ ನಿಜದ ಹರಳುಗಳು ಶೇ. 1ರಲ್ಲೂ ಬೆಳೆಯುತ್ತವೆ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಎಫ್. ಸಿ. ಫ್ರಾಂಕ್ 1949ರಲ್ಲಿ ಇದಕ್ಕೆ ಉತ್ತರ ಕೊಟ್ಟರು: ಹರಳಿನೊಳಗೆ ತಿರುಪಿನ ಹಾಗೆ ಸುತ್ತಿಕೊಂಡ ಒಂದು ದೋಷ ಇದ್ದರೆ ಮೆಟ್ಟಿಲು ಮುಗಿಯುವುದೇ ಇಲ್ಲ, ಸುರುಳಿಯಾಗಿ ಮೇಲೇರುತ್ತಲೇ ಇರುತ್ತದೆ. 1951ರಲ್ಲಿ ಬರ್ಟನ್, ಕಬ್ರೇರಾ ಮತ್ತು ಫ್ರಾಂಕ್ ಇದರ ಪೂರ್ತಿ ಗಣಿತ ಪ್ರಕಟಿಸಿದರು. ಲೋಪವೇ ಬೆಳವಣಿಗೆಯನ್ನು ನಡೆಸುತ್ತದೆ ಅನ್ನುವುದು ಮಕ್ಕಳಿಗೆ ನಿಜಕ್ಕೂ ಹಿಡಿಸುವ ವಿಷಯ, ಬಿಡಬೇಡಿ.

ಆಕಾರದ ಬಗ್ಗೆ ಒಂದು ಮಾತು. ಹರಳಿನ ಎಲ್ಲ ಮುಖಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬೇಗ ಬೆಳೆಯುವ ಮುಖ ಮುಂದೆ ಹೋಗುತ್ತಾ ಹೋಗುತ್ತಾ ಕಿರಿದಾಗಿ ಕೊನೆಗೆ ಇಲ್ಲವಾಗುತ್ತದೆ. ಉಳಿದು ನಮಗೆ ಕಾಣುವುದು ನಿಧಾನವಾಗಿ ಬೆಳೆದ ಮುಖಗಳು. ಪಟಿಕದಲ್ಲಿ ಅವು ಎಂಟು ತ್ರಿಕೋನಗಳು, ಆದ್ದರಿಂದ ಅಷ್ಟಮುಖಿ. ದ್ರಾವಣಕ್ಕೆ ಸ್ವಲ್ಪ ಬೋರಾಕ್ಸ್ ಸೇರಿಸಿದರೆ ಇನ್ನೊಂದು ಜಾತಿಯ ಮುಖಗಳು ನಿಧಾನವಾಗಿ, ಮೂಲೆಗಳಲ್ಲಿ ಚೌಕಗಳು ಕಾಣಿಸಿಕೊಂಡು ಹರಳು ಘನದ ಕಡೆಗೆ ವಾಲುತ್ತದೆ. ಅಡಿಗೆ ಉಪ್ಪಿನಲ್ಲಿ ಇದರ ತಿರುವುಮುರುವು: ಸಾದಾ ನೀರಿನಲ್ಲಿ ಘನ, ಯೂರಿಯಾ ಇದ್ದರೆ ಅಷ್ಟಮುಖಿ. ಫ್ರಾನ್ಸಿನ ರೋಮೆ ದ ಲಿಲ್ 1783ರಷ್ಟು ಹಿಂದೆಯೇ ಇದನ್ನು ದಾಖಲಿಸಿದ್ದರು.

ಮೂರನೇ ಜಾಡಿಯ ಮಂಕು ಬಿಳಿಗೆ ಕಾರಣ ಅವಸರದ ಬೆಳವಣಿಗೆ. ಮೂಲೆ ಮತ್ತು ಅಂಚುಗಳು ದ್ರಾವಣದೊಳಕ್ಕೆ ಚಾಚಿಕೊಂಡಿರುವುದರಿಂದ ಅವಕ್ಕೆ ಪೂರೈಕೆ ಹೆಚ್ಚು, ಮುಖದ ನಡುಭಾಗಕ್ಕೆ ಕಡಿಮೆ. ವೇಗ ಮಿತಿಯೊಳಗಿದ್ದರೆ ಪದರಗಳು ನಡುವಿನವರೆಗೆ ಹರಡಿ ಸಮವಾಗುತ್ತವೆ. ಮಿತಿ ಮೀರಿದರೆ ನಡುಭಾಗ ಹಿಂದೆ ಬಿದ್ದು ಕುಳಿಯಾಗುತ್ತದೆ, ಆಮೇಲೆ ಮೇಲಿನ ಪದರ ಆ ಕುಳಿಯನ್ನು ಮುಚ್ಚಿದಾಗ ಒಳಗೆ ದ್ರಾವಣದ ಸಣ್ಣ ಹನಿಗಳು ಸಿಕ್ಕಿಬೀಳುತ್ತವೆ. ಭೂತಗನ್ನಡಿ ಹಿಡಿದು ನೋಡಿ, ಬಿಳಿ ಭಾಗ ಹನಿಗಳ ಸಾಲಾಗಿ ಕಾಣುತ್ತದೆ. ಹಗಲು ತುಸು ಕರಗಿ ರಾತ್ರಿ ದಡಬಡ ಬೆಳೆದರೆ ದಿನಕ್ಕೊಂದು ಬಿಳಿ ಪದರ ಹೀಗೆ ಸೇರುತ್ತದೆ. ಆ ಹರಳನ್ನು ಎಸೆಯಬೇಡಿ, ಪ್ರದರ್ಶನದಲ್ಲಿ ತಿಳಿ ಹರಳಿನ ಪಕ್ಕದಲ್ಲೇ ಇಡಿ.

---

ಎಂಟನೇಬೆಂಚು

ಇಬ್ಬರಿಗೂ ತುಂಬಾ ಧನ್ಯವಾದಗಳು. 35 ಡಿಗ್ರಿಯ ಲೆಕ್ಕ ನೋಡಿದ ಮೇಲೆ ಎಲ್ಲ ಅರ್ಥವಾಯಿತು. ಇನ್ನು ಮೂರು ಸಂದೇಹ. ನಮ್ಮಲ್ಲಿರುವುದು ಗ್ರಂಥಿಗೆ ಅಂಗಡಿಯ ಪಟಿಕ, ಅದು ಪೊಟ್ಯಾಶ್ ಪಟಿಕವೇ ಅಂತ ತಿಳಿಯುವುದು ಹೇಗೆ? ಮಕ್ಕಳಿಗೆ ಬಣ್ಣದ ಹರಳೂ ಬೇಕಂತೆ, ಅಡಿಗೆಯ ಬಣ್ಣ ಹಾಕಬಹುದೇ? ಉಪ್ಪಿನ ಹರಳನ್ನೂ ಇದೇ ರೀತಿ ಬೆಳೆಸಬಹುದೇ?

---

ಕಲ್ಲುಪ್ಪು

ಸಾಮಾನಿನ ವಿಷಯ ನಾನು ಹೇಳುತ್ತೇನೆ.

ಅಂಗಡಿಯಲ್ಲಿ ಆಲಂ (ಪಟಿಕದ ಇಂಗ್ಲಿಷ್ ಹೆಸರು) ಅಂತ ಕೇಳಿದರೆ ಎರಡು ಬೇರೆ ಬೇರೆ ಪದಾರ್ಥ ಸಿಗಬಹುದು. ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ಉಜ್ಜುವ, ಗಾಜಿನ ಹಾಗೆ ಬೆಳಕು ಹಾಯುವ ಗಟ್ಟಿ ನಿಮಗೆ ಬೇಕಾದ್ದು. ನೀರು ಶುದ್ಧೀಕರಣಕ್ಕೆ ದೊಡ್ಡ ಹಲಗೆಗಳಾಗಿ ಬರುವ, ಬೆಳಕು ಹಾಯದ ಮಾಸಲು ಬಿಳಿಯ ಆಲಂ ಬರೀ ಅಲ್ಯೂಮಿನಿಯಂ ಸಲ್ಫೇಟ್. ಅದರಲ್ಲಿ ಎಷ್ಟು ತಾಳ್ಮೆಯಿಟ್ಟರೂ ಅಷ್ಟಮುಖಿ ಬರುವುದಿಲ್ಲ. ಬೆಳಕು ಹಾಯುವ ಗಟ್ಟಿಯಲ್ಲೂ ಪೊಟ್ಯಾಶ್ ಪಟಿಕ, ಅಮೋನಿಯಂ ಪಟಿಕ ಅಂತ ಎರಡು ಇರಬಹುದು. ಒಂದು ಚೂರು ಪುಡಿಗೆ ಎಲೆಯಡಿಕೆಯ ಸುಣ್ಣ ಸೇರಿಸಿ ಎರಡು ಹನಿ ನೀರು ಹಾಕಿ ತಿಕ್ಕಿ, ಮೂಗಿಗೆ ಚುರುಕು ವಾಸನೆ ಬಡಿದರೆ ಅಮೋನಿಯಂ ಪಟಿಕ. ಅದೂ ಚಂದದ ಅಷ್ಟಮುಖಿ ಕೊಡುತ್ತದೆ, ಕರಗುವ ಪ್ರಮಾಣ ಮಾತ್ರ 20 ಡಿಗ್ರಿಗೆ ಸುಮಾರು 15 ಗ್ರಾಂ. ಹರಳುಕಟ್ಟು ಅವರ ಹಾಗೆ ದ್ರಾವಣವನ್ನೇ ಪರ್ಯಾಪ್ತಗೊಳಿಸಿಕೊಂಡರೆ ಯಾವುದಾದರೂ ಚಿಂತೆಯಿಲ್ಲ. ಗಟ್ಟಿಯಲ್ಲಿ ಮಣ್ಣಿನ ಕಣ ಇದ್ದೇ ಇರುತ್ತದೆ. ಒಮ್ಮೆ ಕರಗಿಸಿ, ಸೋಸಿ, ಹರಳುಗಟ್ಟಿಸಿ, ಆ ಹರಳನ್ನೇ ಕಚ್ಚಾ ಸಾಮಗ್ರಿಯಾಗಿ ಬಳಸಿ. ಅರ್ಧ ಕೊಳೆ ಅಲ್ಲೇ ಹೋಗುತ್ತದೆ.

ಅಡಿಗೆಯ ಬಣ್ಣ ಬೇಡ. ಆ ಬಣ್ಣದ ದೊಡ್ಡ ಅಣುಗಳಿಗೆ ಪಟಿಕದ ಜಾಲರಿಯೊಳಗೆ (ಕಣಗಳ ಕ್ರಮಬದ್ಧ ಜೋಡಣೆಯೊಳಗೆ) ಜಾಗವಿಲ್ಲ. ಹರಳು ಬಣ್ಣವನ್ನು ಹೊರಗೆ ತಳ್ಳಿಕೊಂಡೇ ಬೆಳೆಯುತ್ತದೆ, ಸಿಕ್ಕಿಬಿದ್ದ ಹನಿಗಳಲ್ಲಿ ಮಾತ್ರ ಕೊಳಕಾಗಿ ಉಳಿಯುತ್ತದೆ. ಬಣ್ಣ ಬೇಕಾದರೆ ಕ್ರೋಮ್ ಪಟಿಕ ತರಿಸಿ. ಅದರಲ್ಲಿ ಅಲ್ಯೂಮಿನಿಯಂ ಜಾಗದಲ್ಲಿ ಕ್ರೋಮಿಯಂ ಇರುತ್ತದೆ, ಜಾಲರಿ ಒಂದೇ ತೆರನಾದ್ದು, ಹಾಗಾಗಿ ಎರಡೂ ಒಂದೇ ಹರಳಿನಲ್ಲಿ ಸೇರುತ್ತವೆ. ಸ್ವಲ್ಪ ಬೆರೆಸಿದರೆ ತಿಳಿ ನೇರಳೆ. ಅದಕ್ಕಿಂತ ಚಂದ ಅಂದರೆ ಕ್ರೋಮ್ ಪಟಿಕದ ಕಡು ನೇರಳೆ ಹರಳನ್ನು ಮೊದಲು ಬೆಳೆಸಿ, ಅದನ್ನೇ ಬೀಜವಾಗಿ ಸಾದಾ ಪಟಿಕದ ದ್ರಾವಣದಲ್ಲಿ ತೂಗುಬಿಡುವುದು. ನೇರಳೆ ಅಷ್ಟಮುಖಿಯ ಮೇಲೆ ಬಣ್ಣವಿಲ್ಲದ ಅಷ್ಟಮುಖಿ ಮುಖಕ್ಕೆ ಮುಖ ಹೊಂದಿಕೊಂಡು ಬೆಳೆಯುತ್ತದೆ. ಒಂದೇ ಜಾಲರಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಎರಡು ಎಚ್ಚರಿಕೆ: ಕ್ರೋಮ್ ಪಟಿಕದ ದ್ರಾವಣವನ್ನು 60 ಡಿಗ್ರಿ ದಾಟಿಸಬೇಡಿ, ಹಸಿರಾಗಿ ಹರಳುಗಟ್ಟಲು ಸತಾಯಿಸುತ್ತದೆ. ಸಾದಾ ಪಟಿಕದ ದ್ರಾವಣ ಖಂಡಿತ ಅತಿಪರ್ಯಾಪ್ತವಾಗಿರಬೇಕು, ಇಲ್ಲವಾದರೆ ನೇರಳೆ ಕರಗಿ ಇಡೀ ಜಾಡಿಗೆ ಬಣ್ಣ ಹರಡುತ್ತದೆ.

ನೀಲಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಇದೆ. ಅಡಿಕೆ ತೋಟದವರು ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವುದು ಇದನ್ನೇ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ 32 ಗ್ರಾಂ, 30 ಡಿಗ್ರಿಗೆ 38 ಗ್ರಾಂ ಕರಗುತ್ತದೆ. ಓರೆ ಹಲಗೆಯಾಕಾರದ ಹರಳು ಬರುತ್ತದೆ. ಕೃಷಿಗೆ ಮಾರುವ ಪುಡಿಯ ದ್ರಾವಣ ಕದಡಿದಂತೆ ಕಂಡರೆ ಶಿಕ್ಷಕರೇ ನಾಲ್ಕೈದು ಹನಿ ಸಾರರಿಕ್ತ (ನೀರು ಬೆರೆತು ತೆಳುವಾದ) ಗಂಧಕಾಮ್ಲ ಹಾಕಿ ಸೋಸಬೇಕು, ತಿಳಿಯಾಗುತ್ತದೆ. ಇದು ವಿಷ. ಕೈಗವಸು ಇಲ್ಲದೆ ಮಕ್ಕಳು ಮುಟ್ಟಬಾರದು, ಅಡಿಗೆಯ ಪಾತ್ರೆ ಬಳಸಬಾರದು, ಉಳಿದ ದ್ರಾವಣವನ್ನು ಚರಂಡಿಗೆ ಸುರಿಯಬಾರದು. ಮೀನಿಗೆ ತೀರಾ ಅಪಾಯ. ಚೀಟಿ ಅಂಟಿಸಿದ ಬಾಟಲಿಯಲ್ಲಿ ತೆಗೆದಿಟ್ಟು ಮುಂದಿನ ವರ್ಷ ಬಳಸಿ.

ಉಪ್ಪಿನ ಹರಳನ್ನು ದ್ರಾವಣ ತಣ್ಣಗಾಗಿಸಿ ಬೆಳೆಸಲು ಆಗುವುದಿಲ್ಲ. 100 ಗ್ರಾಂ ನೀರಿನಲ್ಲಿ 20 ಡಿಗ್ರಿಗೆ 36 ಗ್ರಾಂ, ಕುದಿಯುವ ನೀರಿನಲ್ಲೂ 39 ಗ್ರಾಂ. ಕುದಿಯುವುದರಿಂದ ಆರುವವರೆಗೆ ಸಿಗುವುದು 3 ಗ್ರಾಂ ಮಾತ್ರ. ನೀರು ಆವಿಯಾಗಲೇಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬಿಸಿಲು ಮಾಡುವುದೂ ಇದನ್ನೇ. ಪೊಟ್ಟಣದ ಪುಡಿ ಉಪ್ಪು ಬೇಡ, ಗಟ್ಟಿಕಟ್ಟದಿರಲಿ ಅಂತ ಬೆರೆಸುವ ಪದಾರ್ಥಗಳಿಂದ ದ್ರಾವಣ ಕದಡುತ್ತದೆ, ಹರಳಿನ ಆಕಾರವೂ ಕೆಡಬಹುದು. ಕಲ್ಲುಪ್ಪು ಕರಗಿಸಿ ಸೋಸಿ, ಅಗಲ ತಟ್ಟೆಯಲ್ಲಿ ತೆಳು ಬಟ್ಟೆ ಮುಚ್ಚಿ ಅಲುಗಿಸದೆ ಇಡಿ. ರಾಯಚೂರಿನ ಒಣಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ, ಆದ್ದರಿಂದ ಬಟ್ಟೆ ಎರಡು ಪದರ ಇರಲಿ. ಮಳೆಗಾಲದ ಕರಾವಳಿಯಲ್ಲಿ ಇದೇ ತಟ್ಟೆ ವಾರಗಟ್ಟಲೆ ಹಾಗೇ ಕೂತಿರುತ್ತದೆ.

---

ಹರಳುಕಟ್ಟು

ಪ್ರದರ್ಶನದ ಮೇಜಿಗೆ ಇನ್ನೊಂದು ಸಲಹೆ. 300 ಮಿಲಿ ನೀರಿಗೆ 75 ಗ್ರಾಂ ಪಟಿಕ ಕರಗಿಸಿ, ಸೋಸಿ, ಬಿಸಿ ಇರುವಾಗಲೇ ಮೂರು ಒಂದೇ ಥರದ ಲೋಟಕ್ಕೆ ಸಮನಾಗಿ ಹಂಚಿ. ಒಂದನ್ನು ಮಂಜುಗಡ್ಡೆ ನೀರಿನಲ್ಲಿಟ್ಟು ಕಲಕಿ, ಒಂದನ್ನು ಮೇಜಿನ ಮೇಲೆ ಹಾಗೇ ಬಿಡಿ, ಒಂದನ್ನು ಬಿಸಿನೀರಿನ ಬಾಟಲಿಗಳ ನಡುವೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮುಚ್ಚಿಡಿ. ಮಂಜುಗಡ್ಡೆಯದರಲ್ಲಿ ಪುಡಿ, ಮೇಜಿನದರಲ್ಲಿ ಮಧ್ಯಮ, ಪೆಟ್ಟಿಗೆಯದರಲ್ಲಿ ಕೆಲವೇ ದೊಡ್ಡ ಹರಳು ಬರುತ್ತವೆ. ಮಕ್ಕಳು ಹರಳುಗಳನ್ನು ಸೋಸಿ ತೂಗಲಿ, ಎಣಿಸಲಾಗುವುದನ್ನು ಎಣಿಸಲಿ. ದ್ರಾವಣ ಒಂದೇ, ಮುಖ್ಯವಾಗಿ ಬದಲಾದದ್ದು ಆರಿದ ವೇಗ. ಇದನ್ನು ಯಾರು ಬೇಕಾದರೂ ವಿವರಿಸಬಲ್ಲರು.

ಬೆಳೆದ ಹರಳನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಅಂಚುಗಳು ಮೊಂಡಾಗುತ್ತವೆ. ಎತ್ತಿದ ತಕ್ಷಣ ಟಿಶ್ಯೂನಲ್ಲಿ ಒತ್ತಿ ಒರೆಸಿ, ಇಲ್ಲದಿದ್ದರೆ ಮೈಮೇಲೆ ಉಳಿದ ದ್ರಾವಣ ಒಣಗಿ ಪುಡಿಹರಳು ಕೂರುತ್ತದೆ. ನಿಮ್ಮ ಒಣಹವೆಯಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟರೆ ಹರಳಿನೊಳಗಿನ ನೀರು ಹೋಗಿ ಮೇಲ್ಮೈ ಬೆಳ್ಳಗಾಗಬಹುದು. ಪೂರ್ತಿ ಒಣಗಿದ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳ್ಳಗೆ ಎರಡು ಸಲ ಬಳಿದು, ಮುಚ್ಚಳವಿರುವ ಡಬ್ಬಿಯಲ್ಲಿ ಬಿಸಿಲು ಬೀಳದ ಕಡೆ ಇಡಿ.